ಅಂಗೈಯಲ್ಲಿ ಬರೆದಿದ್ದ ಹೃದಯದ ಕಥೆ

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆ ನಮಗೆಲ್ಲರಿಗೂ ತಿಳಿದದ್ದೇ. ಕಣ್ಣಿಗೆ ಎದ್ದು ಕಾಣುವುದಕ್ಕೆ ಬೇರೆ ಸಾಕ್ಷಿ ಬೇಡ ಎಂಬುದು ಅದರ ಅರ್ಥ. ಆದರೆ ವೈದ್ಯಕೀಯ ಇತಿಹಾಸದಲ್ಲಿ ಈ ಗಾದೆಯನ್ನು ತುಸು ತಿದ್ದಿ ಹೇಳಬೇಕಾದ ಒಂದು ಪ್ರಸಂಗವಿದೆ. ಗ್ರೀಸ್ ದೇಶದ ಒಂದು ದ್ವೀಪದಲ್ಲಿ ಕೆಲವು ಮಕ್ಕಳ ಅಂಗೈ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದು ಹೇಳುತ್ತಿದ್ದ ಮಾತು ಮಾತ್ರ ಬಹುಕಾಲ ಯಾರಿಗೂ ಕೇಳಿಸಲಿಲ್ಲ. ಆ ಮಾತು ಹೃದಯಕ್ಕೆ ಸಂಬಂಧಿಸಿದ್ದಾಗಿತ್ತು.

ಏಜಿಯನ್ ಸಮುದ್ರದಲ್ಲಿ ಸೈಕ್ಲಡೀಸ್ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನಾಕ್ಸೋಸ್. ದೊಡ್ಡದೆಂದರೂ ಅದರ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಯ ಐದನೇ ಒಂದು ಭಾಗದಷ್ಟು ಮಾತ್ರ. ಜನಸಂಖ್ಯೆ ಸುಮಾರು 20 ಸಾವಿರ. ಅಮೃತಶಿಲೆಗೂ, ಸಾಣೆ ಹಿಡಿಯಲು ಬಳಸುವ ಎಮರಿ ಕಲ್ಲಿಗೂ ಈ ದ್ವೀಪ ಪ್ರಾಚೀನ ಕಾಲದಿಂದ ಹೆಸರುವಾಸಿ. 1207ರ ಸುಮಾರಿಗೆ ವೆನಿಸ್‌ನವರ ಕೈಸೇರಿದ ನಾಕ್ಸೋಸ್ ಅನಂತರ ಆಟೊಮನ್ ತುರ್ಕರ ಆಳ್ವಿಕೆಯನ್ನು ಕಂಡು, 19ನೇ ಶತಮಾನದಲ್ಲಿ ಸ್ವತಂತ್ರ ಗ್ರೀಸಿನ ಭಾಗವಾಯಿತು. ಆಳುವವರು ಬದಲಾದರೂ ಬೆಟ್ಟದ ಹಳ್ಳಿಗಳ ಕುಟುಂಬಗಳು ಬಹುಮಟ್ಟಿಗೆ ಅಲ್ಲಲ್ಲೇ ಉಳಿದವು. ಹೆಣ್ಣು ಕೊಡುವುದು, ತರುವುದು ಸುತ್ತಮುತ್ತಲ ಹಳ್ಳಿಗಳಲ್ಲೇ ನಡೆಯುತ್ತಿತ್ತು.

ಈ ಹಳ್ಳಿಗಳ ಕೆಲವು ಕುಟುಂಬಗಳಲ್ಲಿ ಮಕ್ಕಳು ಹುಟ್ಟುವಾಗಲೇ ಉಣ್ಣೆಯಂತೆ ಒರಟಾದ, ಸುರುಳಿ ಸುರುಳಿ ಕೂದಲನ್ನು ಹೊತ್ತು ಬರುತ್ತಿದ್ದವು. ಮಗು ಅಂಬೆಗಾಲಿಟ್ಟು, ಕೈಯಲ್ಲಿ ವಸ್ತುಗಳನ್ನು ಹಿಡಿಯತೊಡಗಿದ ಮೇಲೆ ಅಂಗೈ, ಅಂಗಾಲುಗಳ ಚರ್ಮ ದಪ್ಪಗಾಗಿ ದಡ್ಡುಗಟ್ಟುತ್ತಿತ್ತು. ದುಡಿಯುವ ಜನರ ಕೈಯಲ್ಲಿ ದಡ್ಡು ಹೊಸದೇನಲ್ಲ. ಗುಂಗುರು ಕೂದಲಂತೂ ರೋಗವೆಂದು ಯಾರಿಗೆ ತಾನೇ ತೋಚೀತು? ಆದರೆ ಇಂಥ ಮಕ್ಕಳಲ್ಲಿ ಕೆಲವರು ಹದಿಹರೆಯಕ್ಕೆ ಬಂದಾಗ ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುತ್ತಿದ್ದರು. ಮತ್ತೆ ಕೆಲವರು ಬಿದ್ದವರು ಏಳುತ್ತಲೇ ಇರಲಿಲ್ಲ.

ನಾಕ್ಸೋಸ್‌ನಲ್ಲೇ ವೃತ್ತಿನಿರತರಾಗಿದ್ದ ಡಾ. ನಿಕೋಸ್ ಪ್ರೊಟೊನೊಟಾರಿಯೋಸ್ ಮತ್ತು ಡಾ. ಅಡಲೇನಾ ತ್ಸತ್ಸೊಪುಲು ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿದರು. ಅಂಗೈ ದಡ್ಡುಗಟ್ಟಿದವರನ್ನು ಕರೆಸಿ ಇ.ಸಿ.ಜಿ. ತೆಗೆದರು, ಹೃದಯದ ಗಾತ್ರವನ್ನು ಪರೀಕ್ಷಿಸಿದರು, ವಂಶಾವಳಿ ಬರೆದರು. 1986ರಲ್ಲಿ ಅವರು ತಮ್ಮ ಸಂಗಡಿಗರೊಂದಿಗೆ ‘ಬ್ರಿಟಿಷ್ ಹಾರ್ಟ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ನಾಲ್ಕು ಕುಟುಂಬಗಳ ಒಂಬತ್ತು ಜನರ ವಿವರವಿತ್ತು. ಅವರಲ್ಲಿ ಹೆಚ್ಚಿನವರ ಹೃದಯದಲ್ಲಿ ದೋಷ ಕಂಡುಬಂದಿತ್ತು. ಮುಂದೆ ಈ ಕಾಯಿಲೆಗೆ ‘ನಾಕ್ಸೋಸ್ ಕಾಯಿಲೆ’ ಎಂಬ ಹೆಸರೇ ನಿಂತಿತು.

ಇಲ್ಲಿ ಹೃದಯಕ್ಕೆ ಆಗುವುದಾದರೂ ಏನು? ನಮಗೆ ಪರಿಚಿತವಾದ ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಇದು ಹಾಗಲ್ಲ. ಹೃದಯದ, ಅದರಲ್ಲೂ ಮುಖ್ಯವಾಗಿ ಬಲ ಹೃತ್ಕುಕ್ಷಿಯ, ಸ್ನಾಯುಕೋಶಗಳು ಕ್ರಮೇಣ ಸತ್ತು ಆ ಜಾಗದಲ್ಲಿ ಕೊಬ್ಬು ಮತ್ತು ನಾರಿನಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಹೃದಯ ಬಡಿಯುವುದು ವಿದ್ಯುತ್ ಸಂಕೇತಗಳ ಆಜ್ಞೆಯಂತೆ. ಸ್ನಾಯುವಿನ ನಡುವೆ ಕೊಬ್ಬಿನ ತೇಪೆ ಬಿದ್ದಾಗ ಸಂಕೇತ ದಾರಿ ತಪ್ಪಿ ಸುತ್ತತೊಡಗುತ್ತದೆ. ಬಡಿತ ವಿಪರೀತ ವೇಗಕ್ಕೇರಿ, ಹೃದಯ ರಕ್ತವನ್ನು ತಳ್ಳಲಾರದೆ ಬರಿದೇ ಅದುರುವ ಸ್ಥಿತಿ ಬರಬಹುದು. ಆಗ ಕೆಲವೇ ನಿಮಿಷಗಳಲ್ಲಿ ಸಾವು.

ಚರ್ಮ, ಕೂದಲು, ಹೃದಯ ಈ ಮೂರಕ್ಕೂ ಎಲ್ಲಿಯ ನಂಟು? ಇದಕ್ಕೆ ಉತ್ತರ ದೊರೆತದ್ದು 2000ದಲ್ಲಿ. ನಾಕ್ಸೋಸ್‌ನ ವೈದ್ಯರು ಲಂಡನ್ನಿನ ಡಾ. ವಿಲಿಯಂ ಮೆಕೆನ್ನ ಮತ್ತು ಅವರ ಸಹೋದ್ಯೋಗಿಗಳೊಡನೆ ಸೇರಿ ನಡೆಸಿದ ಸಂಶೋಧನೆಯಲ್ಲಿ, 17ನೇ ವರ್ಣತಂತುವಿನ ಮೇಲಿರುವ ಪ್ಲಾಕೊಗ್ಲೋಬಿನ್ ಎಂಬ ವಂಶವಾಹಿಯಲ್ಲಿ ದೋಷ ಪತ್ತೆಯಾಯಿತು. ಡಿ.ಎನ್.ಎ. ಬರಹದ ಎರಡೇ ಎರಡು ಅಕ್ಷರಗಳು ಬಿಟ್ಟುಹೋಗಿದ್ದವು. ಪ್ಲಾಕೊಗ್ಲೋಬಿನ್ ಎಂಬ ಪ್ರೋಟೀನು ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ‘ಡೆಸ್ಮೋಸೋಮ್’ ಎಂಬ ಬೆಸುಗೆಯ ಒಂದು ಭಾಗ. ಅಂಗಿಯ ಎರಡು ಅಂಚುಗಳನ್ನು ಗುಂಡಿ ಹಿಡಿದಿಡುವಂತೆ ಎಂದಿಟ್ಟುಕೊಳ್ಳಿ. ಹೆಚ್ಚು ಎಳೆದಾಟ ನಡೆಯುವ ಕಡೆ ಗುಂಡಿ ಗಟ್ಟಿಯಾಗಿರಬೇಕಲ್ಲವೆ? ಅಂಗೈ, ಅಂಗಾಲುಗಳು ದಿನವಿಡೀ ಉಜ್ಜಾಟಕ್ಕೆ ಸಿಕ್ಕುತ್ತವೆ. ಹೃದಯವೋ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹಿಗ್ಗಿ ಕುಗ್ಗುತ್ತದೆ. ಗುಂಡಿ ಸಡಿಲವಾದರೆ ಮೊದಲು ಸೋಲುವುದು ಇಂಥ ಜಾಗಗಳೇ.

ಈ ಕಾಯಿಲೆ ಒಂದು ದ್ವೀಪದಲ್ಲೇ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡದ್ದೇಕೆ? ಬಿ.ಎಸ್ಸಿ. ತರಗತಿಯಲ್ಲಿ ಮೆಂಡೆಲ್ಲನ ಬಟಾಣಿ ಗಿಡಗಳ ಲೆಕ್ಕ ಮಾಡುವಾಗ ಇದು ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದವರಲ್ಲಿ ನಾನೂ ಒಬ್ಬ. ಆ ಲೆಕ್ಕವೇ ಇಲ್ಲಿ ಜೀವಂತವಾಗಿ ನಿಲ್ಲುತ್ತದೆ. ನಾಕ್ಸೋಸ್ ಕಾಯಿಲೆ ಅಪ್ರಬಲ ಗುಣ. ದೋಷವಿರುವ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಒಬ್ಬರಿಂದ ಬಂದರೆ ಮಗು ಕೇವಲ ವಾಹಕ, ಸಾಮಾನ್ಯವಾಗಿ ಆರೋಗ್ಯವಂತ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಂಭವ 4ರಲ್ಲಿ 1. ಮಹಾನಗರದಲ್ಲಿ ಇಬ್ಬರು ವಾಹಕರು ಗಂಡ ಹೆಂಡಿರಾಗುವುದು ಬಹಳ ಅಪರೂಪ. ಕೆಲವೇ ಹಿರಿಯರಿಂದ ಬೆಳೆದ ಹಳ್ಳಿಗಳಲ್ಲಿ ಅದು ಅಷ್ಟು ಅಪರೂಪವಲ್ಲ. ಎಂದೋ ಒಬ್ಬ ಪೂರ್ವಜನಲ್ಲಿದ್ದ ದೋಷ ತಲೆಮಾರುಗಳ ನಂತರ ಎರಡು ಕಡೆಯಿಂದಲೂ ಬಂದು ಒಂದೇ ತೊಟ್ಟಿಲಲ್ಲಿ ಸಂಧಿಸಬಹುದು.

ಹಾಗೆಂದು ಇದು ನಾಕ್ಸೋಸ್‌ನವರಿಗೆ ಮಾತ್ರ ಮೀಸಲಾದ ಕಾಯಿಲೆಯಲ್ಲ. ಏಜಿಯನ್ ಸಮುದ್ರದ ಇತರ ದ್ವೀಪಗಳಲ್ಲಿ, ತುರ್ಕಿಯಲ್ಲಿ, ಅರಬ್ ನಾಡುಗಳಲ್ಲಿಯೂ ಕಂಡುಬಂದಿದೆ. 1998ರಲ್ಲಿ ಈಕ್ವೆಡಾರಿನ ಡಾ. ಲೂಯಿಸ್ ಕರ್ವಹಾಲ್ ಇಂಥದೇ ಚರ್ಮ, ಕೂದಲು, ಹೃದಯಗಳ ಕಾಯಿಲೆಯನ್ನು ವರ್ಣಿಸಿದರು. ಅಲ್ಲಿ ಕೆಟ್ಟಿದ್ದು ಅದೇ ಬೆಸುಗೆಯ ಇನ್ನೊಂದು ಪ್ರೋಟೀನು, ಡೆಸ್ಮೊಪ್ಲಾಕಿನ್. ದಾರಿ ಒಮ್ಮೆ ತೋರಿದ ಮೇಲೆ ವಿಜ್ಞಾನಿಗಳು ಬೆಸುಗೆಯ ಉಳಿದ ಭಾಗಗಳನ್ನೂ ಹುಡುಕಿದರು. ಚರ್ಮದಲ್ಲಿ ಯಾವ ಗುರುತೂ ಇಲ್ಲದೆ ಬಲ ಹೃತ್ಕುಕ್ಷಿ ಕೆಡುವ ಜನರು ಜಗತ್ತಿನ ಎಲ್ಲೆಡೆ ಇದ್ದಾರೆ. 2004ರಲ್ಲಿ ಅವರಲ್ಲಿ ಅನೇಕರ ದೋಷ ಪ್ಲಾಕೊಫಿಲಿನ್-2 ಎಂಬ ಮತ್ತೊಂದು ಬೆಸುಗೆ ಪ್ರೋಟೀನಿನಲ್ಲಿದೆ ಎಂದು ಗೊತ್ತಾಯಿತು. ಪುಟ್ಟ ದ್ವೀಪದ ಕೆಲವೇ ಕುಟುಂಬಗಳ ರಕ್ತದ ಹನಿಗಳು ಜಗತ್ತಿನ ಸಾವಿರಾರು ಕುಟುಂಬಗಳಿಗೆ ದೀಪವಾದವು.

ದೀಪ ಕೊಟ್ಟವರ ಮನೆಗೆ ಬೆಳಕು ಬಂತೇ? ಪ್ರಶ್ನೆ ಇದೇ. ದ್ವೀಪದಲ್ಲಿ ಹೃದ್ರೋಗಿಯ ಮೊದಲ ಶತ್ರು ದೂರ. ಅಥೆನ್ಸಿನ ಬಂದರು ಪಿರೆಯಸ್‌ನಿಂದ ನಾಕ್ಸೋಸ್‌ಗೆ ಹಡಗಿನಲ್ಲಿ ಹಲವು ಗಂಟೆಗಳ ಪ್ರಯಾಣ. ಸಮುದ್ರ ಕೆರಳಿದರೆ ಅದೂ ಇಲ್ಲ. ಹೃದಯದ ಸುದ್ದಿಯನ್ನು ದೂರಕ್ಕೆ ಕಳಿಸಬಹುದೆಂದು ಇ.ಸಿ.ಜಿ. ಯಂತ್ರದ ಜನಕ ವಿಲ್ಲೆಮ್ ಐಂಥೋವೆನ್ 1905ರಲ್ಲೇ ತೋರಿಸಿದ್ದರು. ಹಾಲೆಂಡಿನ ಲೈಡನ್ ನಗರದಲ್ಲಿ ಆಸ್ಪತ್ರೆಯ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದರು. ಆದರೆ ಸುದ್ದಿ ತಲುಪಿದರೆ ಸಾಲದು, ಕೆಲವೇ ನಿಮಿಷಗಳಲ್ಲಿ ಚಿಕಿತ್ಸೆಯೂ ತಲುಪಬೇಕು.

ಅದಕ್ಕೆ ಉತ್ತರ ಕೊಟ್ಟವರು ಮಿಷೆಲ್ ಮಿರೊವ್‌ಸ್ಕಿ. 1966ರಲ್ಲಿ ತಮ್ಮ ಹಿರಿಯ ವೈದ್ಯ ಹ್ಯಾರಿ ಹೆಲ್ಲರ್ ಹೃದಯದ ಬಡಿತ ತಪ್ಪಿ ತೀರಿಕೊಂಡಾಗ, ಆಸ್ಪತ್ರೆಯ ವಿದ್ಯುದಾಘಾತ ಯಂತ್ರವನ್ನೇ ಚಿಕ್ಕದು ಮಾಡಿ ರೋಗಿಯ ದೇಹದೊಳಗೆ ಇಡಲಾಗದೆ ಎಂದು ಅವರು ಯೋಚಿಸಿದರು. 1980ರ ಫೆಬ್ರವರಿ 4ರಂದು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅಂಥ ಮೊದಲ ಡಿಫಿಬ್ರಿಲೇಟರ್ ಅನ್ನು ಮನುಷ್ಯನ ದೇಹದಲ್ಲಿ ಅಳವಡಿಸಲಾಯಿತು. ಬಡಿತ ತಪ್ಪಿದ್ದನ್ನು ತಾನೇ ಗುರುತಿಸಿ ತಾನೇ ಸರಿಪಡಿಸುವ ಈ ಸಾಧನ ದ್ವೀಪವಾಸಿಗೆ ಎದೆಯೊಳಗೇ ಇರುವ ಆಸ್ಪತ್ರೆಯಂತೆ. ಕೆನಡಾದ ನ್ಯೂಫೌಂಡ್‌ಲೆಂಡ್ ಬಹು ದೊಡ್ಡ ದ್ವೀಪವಾದರೂ ಅದರ ಕರಾವಳಿಯ ಹಳ್ಳಿಗಳು ಚಿಕ್ಕವು, ಒಂಟಿ. ಅಲ್ಲಿನ ಕೆಲವು ಕುಟುಂಬಗಳಲ್ಲೂ ಬಲ ಹೃತ್ಕುಕ್ಷಿಯ ಕಾಯಿಲೆಯಿಂದ, ವಿಶೇಷವಾಗಿ ಗಂಡಸರು, ಚಿಕ್ಕ ವಯಸ್ಸಿನಲ್ಲೇ ಸಾಯುತ್ತಿದ್ದರು. ಅಪಾಯದಲ್ಲಿರುವವರಿಗೆ ಈ ಸಾಧನ ಅಳವಡಿಸಿದಾಗ ಅವರ ಆಯುಷ್ಯ ಹೆಚ್ಚಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವರ ವಂಶವಾಹಿ ದೋಷ ಪತ್ತೆಯಾದದ್ದು 2008ರಲ್ಲಿ.

ಆದರೆ ಸಾಧನ ಯಾರಿಗೆ ಬೇಕೆಂದು ಮೊದಲೇ ತಿಳಿಯಬೇಕಲ್ಲ? ನಾಕ್ಸೋಸ್‌ನಲ್ಲಿ ಅದನ್ನು ತಿಳಿಸುವುದು ಮತ್ತೆ ಅಂಗೈಯೇ. ಹೃದಯ ಕೆಡುವುದಕ್ಕೆ ಹತ್ತಾರು ವರ್ಷ ಮೊದಲೇ ಕೂದಲು, ಚರ್ಮ ಎಚ್ಚರಿಸುತ್ತವೆ. ಅಂಥ ಮಗುವಿಗೆ ನಿಯಮಿತವಾಗಿ ಹೃದಯ ಪರೀಕ್ಷೆ ಮಾಡಿಸಬಹುದು, ಮೈಮುರಿಯುವ ಪಂದ್ಯದ ಆಟಗಳಿಂದ ದೂರವಿಡಬಹುದು, ಔಷಧಿ ಕೊಡಬಹುದು, ಅಗತ್ಯವಿದ್ದರೆ ಸಾಧನ ಅಳವಡಿಸಬಹುದು. ಕಾಯಿಲೆಯ ಬೇರು ಕೀಳಲಾಗದಿದ್ದರೂ ಹಠಾತ್ ಸಾವನ್ನು ತಡೆಯಲು ಸಾಧ್ಯ.

ಸಮುದ್ರವಿಲ್ಲದ ದ್ವೀಪಗಳೂ ಇವೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಲ್ಲೂ ಒಂದು ವಂಶಪಾರಂಪರ್ಯ ಕಾಯಿಲೆ ಇದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಅದು ಹೃದಯದ್ದಲ್ಲ, ಮೂಳೆ ಮತ್ತು ಕೀಲುಗಳದ್ದು. ಆದರೂ ತಮ್ಮತಮ್ಮಲ್ಲೇ ಸಂಬಂಧ ಬೆಳೆಸುವ ಸಣ್ಣ ಸಮುದಾಯದ ಕಥೆ ಒಂದೇ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿಯಲ್ಲೂ ಮೆಂಡೆಲ್ಲನ ಲೆಕ್ಕ ಕೆಲಸ ಮಾಡುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ, ಯಾವ ಊರಿಗೂ ಕಳಂಕವಿಲ್ಲ. ರೋಗಕ್ಕೆ ಊರಿನ ಹೆಸರಿಟ್ಟಾಗ ನಾವು ಇದನ್ನು ಮರೆಯುತ್ತೇವೆ.

ನಮ್ಮ ವೃತ್ತಿಯಲ್ಲಿ ಕ್ಯಾಮೆರಾ ಸದಾ ಮುಖವನ್ನೇ ಹುಡುಕುತ್ತದೆ. ಕೈಗಳ ಕ್ಲೋಸಪ್ ತೆಗೆಯುವುದು ಕಡಿಮೆ. ನಾಕ್ಸೋಸ್‌ನ ವೈದ್ಯರ ಬಳಿ ಆರಂಭದಲ್ಲಿ ದೊಡ್ಡ ಪ್ರಯೋಗಾಲಯವಿರಲಿಲ್ಲ. ತಮ್ಮ ಊರಿನವರ ಕೈಗಳನ್ನು ಅವರು ಗಮನವಿಟ್ಟು ನೋಡಿದರು, ‘ನಿಮ್ಮ ಮನೆಯಲ್ಲಿ ಮತ್ತಾರಿಗೆ ಹೀಗಿತ್ತು?’ ಎಂದು ಕೇಳಿದರು. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲೂ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಮೂರು ತಲೆಮಾರಿನ ವಂಶಾವಳಿ ಬರೆಯಿರಿ. ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಆಡುವಾಗ ಪದೇಪದೇ ಎಚ್ಚರ ತಪ್ಪುತ್ತಿದ್ದರೆ ಅದನ್ನೂ ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸಿ. ಆ ಒಂದು ಹಾಳೆ ಮನೆಯ ಯಾರದಾದರೂ ಜೀವ ಉಳಿಸಬಹುದು.