ಡ್ರೈವ್ ಕಾಣಿಸುತ್ತಿಲ್ಲ: ಒಂದು ಚಿಕ್ಕ ಚರಿತ್ರೆ

ಹಳೆಯ ಲ್ಯಾಪ್‌ಟಾಪುಗಳಿಗೆ ಬರುವ ರೋಗಗಳಲ್ಲಿ ಒಂದು ಬಲು ವಿಚಿತ್ರ. ಡಿವಿಡಿ ಡ್ರೈವ್ ಕಣ್ಣೆದುರಿಗೇ ಇರುತ್ತದೆ. ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬರುತ್ತದೆ, ಡಿಸ್ಕ್ ಇಟ್ಟು ತಳ್ಳಿದರೆ ಗಿರ್ರನೆ ಸುತ್ತುತ್ತದೆ. ಆದರೆ ಪರದೆಯ ಮೇಲೆ ಅದರ ಹೆಸರೇ ಇಲ್ಲ. ನಮಗೆ ಕಾಣುವ ವಸ್ತು ಗಣಕಕ್ಕೆ ಕಾಣುತ್ತಿಲ್ಲ. ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಡ್ರೈವ್ ಹೋಗಿದೆ ಸಾರ್, ಈಗ ಯಾರು ಸಿಡಿ ಹಾಕ್ತಾರೆ, ಬಿಟ್ಬಿಡಿ."

ಬಿಡಲು ನನಗೆ ಮನಸ್ಸಿರಲಿಲ್ಲ. ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸಿದ್ದು ನನ್ನ ಹತ್ತಿರವೇ ಇದೆ. ಮೂಲ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿದೆ. ಹಾಗಾಗಿ 'ಗಣಕಕ್ಕೆ ಡ್ರೈವ್ ಕಾಣುವುದು' ಎಂದರೇನು ಎಂದು ಹುಡುಕುತ್ತ ಹೋದೆ. ಸಿಕ್ಕಿದ್ದು ನಲವತ್ತು ವರ್ಷಗಳ ಒಂದು ಚರಿತ್ರೆ. ಅದನ್ನು ತಿಳಿದ ಮೇಲೆ "ಡ್ರೈವ್ ಹೋಗಿದೆ" ಎಂಬ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಸಿಡಿ ಹುಟ್ಟಿದ್ದು ಗಣಕಕ್ಕಾಗಿ ಅಲ್ಲ, ಸಂಗೀತಕ್ಕಾಗಿ. 1979ರಲ್ಲಿ ಫಿಲಿಪ್ಸ್ ಮತ್ತು ಸೋನಿ ಜೊತೆಗೂಡಿ ಕೆಲಸ ಆರಂಭಿಸಿದವು. 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ತಟ್ಟೆಯಲ್ಲಿ 74 ನಿಮಿಷಗಳ ಸಂಗೀತ ಹಿಡಿಸುವ ಲೆಕ್ಕ ನಿಂತಿತು. 1982ರ ಅಕ್ಟೋಬರ್ 1ರಂದು ಸೋನಿಯ ಮೊದಲ ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅಲ್ಲಿ 'ಕಾಣಿಸುತ್ತಿಲ್ಲ' ಎಂಬ ಸಮಸ್ಯೆಗೆ ಜಾಗವೇ ಇರಲಿಲ್ಲ. ಓದುವ ಲೇಸರ್, ಹಾಡುವ ಯಂತ್ರ ಎರಡೂ ಒಂದೇ ಪೆಟ್ಟಿಗೆಯೊಳಗೆ ಇದ್ದವು. ತೊಂದರೆ ಶುರುವಾದದ್ದು ಈ ತಟ್ಟೆಯನ್ನು ಗಣಕಕ್ಕೆ ಜೋಡಿಸಹೊರಟಾಗ.

ಮೊದಲ ಜಗಳ ತಟ್ಟೆಯ ಒಳಗಿನ ವ್ಯವಸ್ಥೆಯದು. ಒಂದು ಕಂಪನಿಯ ಸಿಡಿಯ ಫೈಲುಗಳು ಇನ್ನೊಂದರ ಗಣಕಕ್ಕೆ ಅರ್ಥವಾಗುತ್ತಿರಲಿಲ್ಲ. 1985ರ ನವೆಂಬರಿನಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಕಂಪನಿಗಳವರು ಕೂತು ಒಂದು ಒಪ್ಪಂದಕ್ಕೆ ದಾರಿ ಮಾಡಿದರು. ಆ ಕರಡಿಗೆ ಹೋಟೆಲಿನ ಹೆಸರೇ ಅಂಟಿಕೊಂಡಿತು. ಅದೇ ಸ್ವಲ್ಪ ತಿದ್ದುಪಡಿಯಾಗಿ 1988ರಲ್ಲಿ ಐಎಸ್ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇವತ್ತಿಗೂ ನಾವು 'ಐಎಸ್ಒ ಫೈಲ್' ಎನ್ನುವಾಗ ಹೇಳುತ್ತಿರುವುದು ಆ ಮಾನಕದ ಹೆಸರನ್ನೇ.

ಎರಡನೆಯ ತೊಡಕು ಡಾಸ್‌ನದು. 1980ರ ದಶಕದ ಡಾಸ್‌ಗೆ ಗೊತ್ತಿದ್ದುದು ಫ್ಲಾಪಿ ಮತ್ತು ಹಾರ್ಡ್ ಡಿಸ್ಕ್ ಮಾತ್ರ. ಅದರ 3.3ನೇ ಆವೃತ್ತಿಯವರೆಗೂ ಒಂದು ವಿಭಾಗದಲ್ಲಿ 32 ಎಂಬಿಗಿಂತ ಹೆಚ್ಚು ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎದುರಿಗೆ ಬಂದದ್ದು 650 ಎಂಬಿಯ ತಟ್ಟೆ. ಮೈಕ್ರೋಸಾಫ್ಟ್ ಹೂಡಿದ ಉಪಾಯ ಮಜವಾಗಿದೆ. ಎಂಎಸ್‌ಸಿಡಿಎಕ್ಸ್ ಎಂಬ ಪುಟ್ಟ ತಂತ್ರಾಂಶ, ಸಿಡಿ ಡ್ರೈವನ್ನು ದೂರದ ನೆಟ್‌ವರ್ಕಿನಲ್ಲಿರುವ ಡ್ರೈವ್ ಎಂಬಂತೆ ಡಾಸ್‌ಗೆ ತೋರಿಸಿತು. ಮನೆಯೊಳಗೇ ಇರುವವನನ್ನು ಪರವೂರಿನ ನೆಂಟ ಎಂದು ಪರಿಚಯಿಸಿದ ಹಾಗೆ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು, ಆಟೋಎಕ್ಸೆಕ್ ಫೈಲಿನಲ್ಲಿ ಇನ್ನೊಂದು ಸಾಲು, ಎರಡರಲ್ಲೂ ಒಂದೇ ಹೆಸರು ಇರಬೇಕು. ಒಂದಕ್ಷರ ತಪ್ಪಿದರೂ ಡ್ರೈವ್ ಮಾಯ.

ತಂತಿಯ ಮಟ್ಟದಲ್ಲೂ ಗೊಂದಲ ಕಡಿಮೆಯಿರಲಿಲ್ಲ. 1990ರ ದಶಕದ ಆರಂಭದಲ್ಲಿ ಸಿಡಿ ಡ್ರೈವನ್ನು ಸೌಂಡ್ ಕಾರ್ಡಿಗೆ ಸಿಕ್ಕಿಸುವ ಪದ್ಧತಿಯಿತ್ತು. ಕೆಲವು ಸೌಂಡ್ ಬ್ಲಾಸ್ಟರ್ ಕಾರ್ಡುಗಳ ಮೇಲೆ ಪ್ಯಾನಸೋನಿಕ್, ಮಿತ್ಸುಮಿ, ಸೋನಿ ಡ್ರೈವುಗಳಿಗೆ ಬೇರೆ ಬೇರೆ ಸಾಕೆಟ್ಟುಗಳೇ ಇದ್ದವು. ಈ ಅವ್ಯವಸ್ಥೆಗೆ ಕೊನೆ ಹಾಡಿದ್ದು ಆ ದಶಕದ ಮಧ್ಯದಲ್ಲಿ ಬಂದ ಅಟಾಪಿ. ಹಾರ್ಡ್ ಡಿಸ್ಕಿನ ಅದೇ ಅಗಲ ಕೇಬಲಿನಲ್ಲಿ ಸಿಡಿ ಡ್ರೈವಿನ ಆಜ್ಞೆಗಳನ್ನು ಪೊಟ್ಟಣ ಕಟ್ಟಿ ಕಳಿಸುವ ವಿಧಾನ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಣಕ ಎದ್ದ ಕೂಡಲೇ ಕೇಬಲಿನಲ್ಲಿ "ಯಾರಿದ್ದೀರಿ?" ಎಂದು ಹಾರ್ಡ್ ಡಿಸ್ಕಿನ ಭಾಷೆಯಲ್ಲಿ ಕೂಗುತ್ತದೆ. ಅಟಾಪಿ ಡ್ರೈವ್ ಆ ಕೂಗಿಗೆ ನೇರ ಉತ್ತರ ಕೊಡುವುದಿಲ್ಲ; ಆಜ್ಞೆಯನ್ನು ತಿರಸ್ಕರಿಸಿ, ತನ್ನ ಎರಡು ರಿಜಿಸ್ಟರುಗಳಲ್ಲಿ ಹದಿನಾರರ ಎಣಿಕೆಯ 14 ಮತ್ತು ಇಬಿ ಎಂಬ ಗುರುತುಗಳನ್ನು ಇಟ್ಟು ಸುಮ್ಮನಾಗುತ್ತದೆ. "ನಾನು ಹಾರ್ಡ್ ಡಿಸ್ಕ್ ಅಲ್ಲ, ನನ್ನನ್ನು ಬೇರೆ ರೀತಿ ಕೇಳು" ಎಂಬುದು ಅದರ ಅರ್ಥ. ಆಗ ಗಣಕ ಇನ್ನೊಂದು ಆಜ್ಞೆ ಕಳಿಸಿದರೆ ಮಾತ್ರ ಡ್ರೈವ್ ತನ್ನ ಹೆಸರು, ವಿವರಗಳನ್ನೆಲ್ಲ 512 ಬೈಟುಗಳಲ್ಲಿ ಒಪ್ಪಿಸುತ್ತದೆ. ಕೇಬಲ್ ತೆಳ್ಳಗಾಗಿ ಸಾಟಾ ಬಂದ ಮೇಲೂ ಈ ಗುರುತು ಹಾಗೆಯೇ ಉಳಿದಿದೆ. ಅಂದರೆ ಡ್ರೈವ್ 'ಕಾಣುವುದು' ಎಂಬುದು ನೋಟವಲ್ಲ, ಪ್ರಶ್ನೋತ್ತರ. ಉತ್ತರ ಬಾರದಿದ್ದಾಗ ಉತ್ತರಿಸಬೇಕಾದವನು ಸತ್ತಿರಲೇಬೇಕೆಂದಿಲ್ಲ. ನಡುವೆ ಯಾರೋ ನಿಂತಿರಬಹುದು.

ನಡುವೆ ನಿಲ್ಲುವವರಿಗೆ ವಿಂಡೋಸ್ ಅಧಿಕೃತವಾಗಿಯೇ ಜಾಗ ಕೊಟ್ಟಿತು. ವಿಂಡೋಸ್ 2000 ಮತ್ತು ಎಕ್ಸ್‌ಪಿ ಕಾಲದಲ್ಲಿ ಡಿಸ್ಕ್ ಬರೆಯುವ ತಂತ್ರಾಂಶಗಳು ಡ್ರೈವಿನ ಮೇಲೊಂದು ಕೆಳಗೊಂದು 'ಫಿಲ್ಟರ್' ಎಂಬ ಕಾವಲುಗಾರನನ್ನು ನಿಲ್ಲಿಸತೊಡಗಿದವು. ಅವುಗಳ ಹೆಸರುಗಳು ರಿಜಿಸ್ಟ್ರಿಯಲ್ಲಿ 'ಅಪ್ಪರ್‌ಫಿಲ್ಟರ್ಸ್', 'ಲೋವರ್‌ಫಿಲ್ಟರ್ಸ್' ಎಂಬ ಪಟ್ಟಿಗಳಲ್ಲಿ ಇರುತ್ತವೆ. ತಂತ್ರಾಂಶವನ್ನು ಅಳಿಸಿದಾಗ ಫೈಲು ಹೋಗಿ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದರೆ ಅನರ್ಥ. ಇಲ್ಲದ ಕಾವಲುಗಾರನಿಗಾಗಿ ವಿಂಡೋಸ್ ಹುಡುಕುತ್ತದೆ; ಅವನು ಸಿಗದಿದ್ದರೆ ಬಾಗಿಲನ್ನೇ ತೆರೆಯುವುದಿಲ್ಲ.

ಇದರ ಅತಿ ದೊಡ್ಡ ಪ್ರಸಂಗ ನಡೆದದ್ದು 2005ರಲ್ಲಿ. ಸೋನಿ ಬಿಎಂಜಿ ಕಂಪನಿ ಹಾಡುಗಳ ನಕಲು ತಡೆಯಲೆಂದು ತನ್ನ 52 ಆಲ್ಬಮ್‌ಗಳ ಸಿಡಿಗಳಲ್ಲಿ ಎಕ್ಸ್‌ಸಿಪಿ ಎಂಬ ತಂತ್ರಾಂಶ ಸೇರಿಸಿತ್ತು. ಸಿಡಿಯಲ್ಲಿದ್ದ ಪ್ಲೇಯರಿಗೆ ಒಪ್ಪಿಗೆ ಕೊಟ್ಟು ಹಾಡು ಕೇಳಿದರೆ ಅದು ಸದ್ದಿಲ್ಲದೆ ಗಣಕದಲ್ಲಿ ನೆಲೆಸಿ, ತನ್ನನ್ನು ತಾನೇ ಮರೆಮಾಚಿಕೊಳ್ಳುತ್ತಿತ್ತು. ಮಾರ್ಕ್ ರುಸಿನೊವಿಚ್ ಎಂಬ ತಂತ್ರಜ್ಞ ತನ್ನದೇ ಗಣಕದಲ್ಲಿ ಇದನ್ನು ಪತ್ತೆಹಚ್ಚಿ ಅಕ್ಟೋಬರ್ 31ರಂದು ಬಯಲು ಮಾಡಿದ. ಆತ ಆ ಫೈಲುಗಳನ್ನು ಕೈಯಾರೆ ಅಳಿಸಿ ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಸಿಡಿ ಡ್ರೈವೇ ಕಾಣೆಯಾಗಿತ್ತು. ಎಕ್ಸ್‌ಸಿಪಿ ಡ್ರೈವಿನ ಕೆಳಗೆ ಫಿಲ್ಟರಾಗಿ ಕೂತಿತ್ತು. ಫೈಲು ಹೋಗಿದ್ದರೂ ಹೆಸರು ಉಳಿದಿತ್ತು. ವಿಂಡೋಸ್‌ನ ಒಳಗುಟ್ಟುಗಳ ಬಗ್ಗೆ ಪುಸ್ತಕ ಬರೆದವನ ಡ್ರೈವೇ ಮಾಯವಾದರೆ ಉಳಿದವರ ಗತಿ? ಅಷ್ಟರಲ್ಲಿ ಅಂಥ ಸುಮಾರು 21 ಲಕ್ಷ ಸಿಡಿಗಳು ಮಾರಾಟವಾಗಿದ್ದವು. ನವೆಂಬರಿನಲ್ಲಿ ಕಂಪನಿ ಅವನ್ನು ವಾಪಸು ಪಡೆಯಬೇಕಾಯಿತು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ, ಇದನ್ನು ತೆಗೆಯಹೋಗಿ ಗಣಕ ಕೆಡಿಸಿಕೊಂಡವರಿಗೆ 150 ಡಾಲರ್‌ವರೆಗೆ ಪರಿಹಾರ ಕೊಡಲು ಒಪ್ಪಿತು.

ಈ ಚರಿತ್ರೆಯ ಪದರಗಳನ್ನೇ ಪತ್ತೆದಾರಿಕೆಯ ಕ್ರಮವನ್ನಾಗಿ ಮಾಡಿಕೊಳ್ಳಬಹುದು. ಮೊದಲು ಬಯೋಸ್ ನೋಡಿ. ಅಲ್ಲಿ ಡ್ರೈವಿನ ಹೆಸರು ಬಂದರೆ ಪ್ರಶ್ನೋತ್ತರ ಸರಿಯಾಗಿ ನಡೆದಿದೆ, ಡ್ರೈವ್ ಜೀವಂತವಾಗಿದೆ, ದೋಷ ವಿಂಡೋಸ್‌ನದು ಎಂದು ಹೆಚ್ಚುಕಡಿಮೆ ಖಚಿತ. ಆಗ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ಜೊತೆ 19, 31, 32, 39, 41 ಇವುಗಳಲ್ಲಿ ಯಾವುದಾದರೂ ಕೋಡ್ ಇದ್ದರೆ, ಮೇಲೆ ಹೇಳಿದ ಎರಡು ಪಟ್ಟಿಗಳನ್ನು ಅಳಿಸಿ ಗಣಕವನ್ನು ಮತ್ತೆ ಚಾಲೂ ಮಾಡುವುದು ಮೈಕ್ರೋಸಾಫ್ಟೇ ಹೇಳಿದ್ದ ಮದ್ದು. ಆದರೆ ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು, ಸಿಡಿ ಡ್ರೈವಿನ ವಿಭಾಗದಲ್ಲಿ ಮಾತ್ರ ಕೈಯಾಡಿಸಿ. ಕೀಬೋರ್ಡಿನ ವಿಭಾಗದಲ್ಲೂ ಇದೇ ಹೆಸರಿನ ಪಟ್ಟಿಯಿದೆ. ಅದನ್ನು ಅಳಿಸಿದರೆ ಕೀಬೋರ್ಡೇ ಸತ್ತುಹೋಗುತ್ತದೆ.

ಬಯೋಸ್‌ನಲ್ಲೇ ಹೆಸರಿಲ್ಲದಿದ್ದರೆ ದೋಷ ಕೆಳಗಿನ ಪದರದ್ದು. ತಟ್ಟೆ ಹೊರಬರುತ್ತದೆ ಎಂದರೆ ಡ್ರೈವಿಗೆ ವಿದ್ಯುತ್ತು ಬರುತ್ತಿದೆ ಎಂದಷ್ಟೇ ಅರ್ಥ, ಮಾತು ತಲುಪುತ್ತಿದೆ ಎಂದಲ್ಲ. ಅನೇಕ ಲ್ಯಾಪ್‌ಟಾಪುಗಳಲ್ಲಿ ತಳದ ಒಂದೇ ಸ್ಕ್ರೂ ಬಿಚ್ಚಿದರೆ ಡ್ರೈವ್ ಜಾರಿ ಬರುತ್ತದೆ. ಗಣಕ ಆರಿಸಿ, ಬ್ಯಾಟರಿ ತೆಗೆದು, ಡ್ರೈವನ್ನು ಹೊರಗೆಳೆದು ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ. ಊರಿಂದೂರಿಗೆ ಬ್ಯಾಗಿನಲ್ಲಿ ಅಲೆದಾಡುವ ಯಂತ್ರಗಳಲ್ಲಿ ಆ ಕನೆಕ್ಟರ್ ಸಡಿಲವಾಗುವುದುಂಟು. ಡ್ರೈವ್ ಕಾಣಿಸುತ್ತದೆ, ಡಿವಿಡಿ ಓದುತ್ತದೆ, ಸಿಡಿ ಮಾತ್ರ ಓದುವುದಿಲ್ಲ ಎಂದಾದರೆ ಅದು ಬೇರೆಯೇ ಕಥೆ. ಸಿಡಿಗೆ 780, ಡಿವಿಡಿಗೆ 650 ನ್ಯಾನೋಮೀಟರಿನ ಬೇರೆ ಬೇರೆ ಲೇಸರ್ ಬೇಕು. ಒಂದು ಸತ್ತು ಇನ್ನೊಂದು ಬದುಕಿರಬಹುದು.

2008ರ ಮ್ಯಾಕ್‌ಬುಕ್ ಏರ್ ಒಳಗೆ ಡಿಸ್ಕ್ ಡ್ರೈವೇ ಇರಲಿಲ್ಲ. ಈಗ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಆಗ ಯುಎಸ್‌ಬಿ ಡ್ರೈವೇ ಗತಿ. ಅದೂ ಕಾಣಿಸದಿದ್ದರೆ ಮೊದಲು ವಿದ್ಯುತ್ತನ್ನು ಅನುಮಾನಿಸಿ. ಯುಎಸ್‌ಬಿ 2.0 ನಿಯಮದಂತೆ ಕೊಡುವುದು 500 ಮಿಲಿಆಂಪಿಯರ್. ತಟ್ಟೆ ಸುತ್ತಲು ಆರಂಭಿಸುವ ಗಳಿಗೆಯಲ್ಲಿ ಅದು ಸಾಲದೇ ಹೋಗಬಹುದು. ಹಳೆಯ ಡ್ರೈವುಗಳ ಜೊತೆ ಎರಡು ತಲೆಯ ಕೇಬಲ್ ಕೊಡುತ್ತಿದ್ದುದು ಅದಕ್ಕೇ.

ಇಷ್ಟೆಲ್ಲ ಯಾಕೆ? ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಅಂಥ ಡಿಸ್ಕುಗಳು ಬಹಳ ಇವೆ. ಮದುವೆಯ ವಿಡಿಯೋ, ಬಯಲಾಟದ ರೆಕಾರ್ಡಿಂಗ್, ಬರಹ ಅಥವಾ ನುಡಿಯಲ್ಲಿ ಬೆರಳಚ್ಚಿಸಿದ ಲೇಖನಗಳು. ಈ ಕೊನೆಯದಕ್ಕೆ ಇನ್ನೊಂದು ಬೀಗವೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಬರೆಯುತ್ತಿದ್ದೆವು. ಡ್ರೈವ್ ಕಂಡು, ಡಿಸ್ಕ್ ಓದಿ, ಫೈಲು ತೆರೆದರೂ ಆ ಫಾಂಟ್ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಹೆದರಬೇಕಿಲ್ಲ, ಪರಿವರ್ತಕಗಳಿವೆ. ಆದರೆ ಫೈಲು ಕೈಗೆ ಸಿಗಬೇಕಲ್ಲ.

ಮೊದಲು ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ಡಿಸ್ಕಿನ ಕೆಳಮೈಯೇ ಉತ್ತರ ಹೇಳುತ್ತದೆ. ಬೆಳ್ಳಿಯಂತೆ ಹೊಳೆಯುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ಅದರ ಇನ್ನೊಂದು ಪ್ರತಿ ಎಲ್ಲೋ ಇದ್ದೀತು. ನೀಲಿ, ಹಸಿರು ಅಥವಾ ನೇರಳೆ ಛಾಯೆಯದು ಮನೆಯಲ್ಲೋ ಅಂಗಡಿಯಲ್ಲೋ ಬರೆಸಿದ್ದು. ಅದರಲ್ಲಿ ಮಾಹಿತಿ ನಿಂತಿರುವುದು ಒಂದು ತೆಳು ಬಣ್ಣದ ಪದರದ ಮೇಲೆ. ಬಿಸಿಲು, ಶಾಖ, ತೇವ ಅದನ್ನು ನಿಧಾನವಾಗಿ ತಿನ್ನುತ್ತಿರುತ್ತವೆ. ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಡಿಸ್ಕುಗಳನ್ನು ಮೊದಲು ಹೊರತೆಗೆಯಿರಿ. ಡ್ರೈವ್ ಕಂಡ ದಿನವೇ ಅವುಗಳ ಪ್ರತಿ ಮಾಡಿಬಿಡಿ. ಸಿನಿಮಾ ಹಾಡಿನ ಡಿಸ್ಕುಗಳು ಆಮೇಲೆ ನೋಡಿದರಾಯಿತು.