ಮಾಧ್ಯಮ ಯಾರ ಕಡೆ? ಒಂದು ಅಧ್ಯಯನ ನಡೆದುಬಂದ ದಾರಿ

ನಾಗಮಂಗಲ ತಾಲ್ಲೂಕು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. 2019ರ ಚುನಾವಣೆಯಲ್ಲಿ ಈ ಕ್ಷೇತ್ರ ಹಗಲಿರುಳೂ ಟಿವಿ ಪರದೆ ಮೇಲಿತ್ತು. ಮಗ ನಿಖಿಲ್ ಕಣದಲ್ಲಿದ್ದಾಗ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಮಾಧ್ಯಮಗಳು ತಮ್ಮ ಕುಟುಂಬದ ಬೆನ್ನು ಬಿದ್ದಿವೆ ಎಂದು ಬಹಿರಂಗವಾಗಿಯೇ ಸಿಟ್ಟಾದರು. ಸಿನಿಮಾ ಸಮಾರಂಭವೊಂದರ ಹಳೆಯ ತುಣುಕು ‘ನಿಖಿಲ್ ಎಲ್ಲಿದ್ದೀಯಪ್ಪ’ ಮೊಬೈಲುಗಳಲ್ಲಿ ಹರಿದಾಡಿ, ವಾಹಿನಿಗಳಲ್ಲಿ ಮತ್ತೆ ಮತ್ತೆ ಬಂತು. ಎದುರಾಳಿ ಸುಮಲತಾ ಅಂಬರೀಶ್ 1,25,876 ಮತಗಳಿಂದ ಗೆದ್ದರು. ಫಲಿತಾಂಶದ ಬೆನ್ನಿಗೇ ನಿಖಿಲ್ ಕುರಿತ ವರದಿಗಾಗಿ ‘ವಿಶ್ವವಾಣಿ’ ಸಂಪಾದಕರ ಮೇಲೆ ಎಫ್‌ಐಆರ್ ದಾಖಲಾಯಿತು.

ಆ ಸಿಟ್ಟಿನಲ್ಲಿ ನಿಜವೆಷ್ಟು, ಅನಿಸಿಕೆಯೆಷ್ಟು? ಸಂವಹನ ವಿದ್ವಾಂಸರು ಏಳು ದಶಕಗಳಿಂದ ಕೆದಕುತ್ತಿರುವುದು ಇದನ್ನೇ.

1950ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್, ಒಂದು ಪತ್ರಿಕೆಯ ಸುದ್ದಿ ಸಂಪಾದಕ ಯಾವುದನ್ನು ಎತ್ತಿಕೊಂಡ, ಯಾವುದನ್ನು ಬುಟ್ಟಿಗೆ ಹಾಕಿದ ಎಂದು ನೋಡಿದರು. ಆಯ್ಕೆಯಲ್ಲಿ ಆತನ ಸ್ವಂತ ಒಲವುಗಳೂ ಕೆಲಸ ಮಾಡಿದ್ದವು. 1972ರಲ್ಲಿ ಮೆಕೋಂಬ್ಸ್ ಮತ್ತು ಶಾ, ಜನ ಯಾವುದರ ಬಗ್ಗೆ ಯೋಚಿಸಬೇಕೆಂಬುದನ್ನು ಮಾಧ್ಯಮ ಹೇಗೆ ಗೊತ್ತುಮಾಡುತ್ತದೆ ಎಂದು ತೋರಿಸಿದರು.

ದಿಕ್ಕು ತಿರುಗಿದ್ದು 1985ರಲ್ಲಿ. ಸ್ಟ್ಯಾನ್‌ಫರ್ಡ್‌ನ ವ್ಯಾಲೋನ್, ರಾಸ್ ಮತ್ತು ಲೆಪರ್, 1982ರ ಬೈರೂತ್ ಹತ್ಯಾಕಾಂಡದ ಟಿವಿ ಸುದ್ದಿಗಳನ್ನು 144 ವಿದ್ಯಾರ್ಥಿಗಳಿಗೆ ತೋರಿಸಿದರು. ನೋಡಿದ್ದು ಒಂದೇ ತುಣುಕು. ಇಸ್ರೇಲ್ ಪರ ಇದ್ದವರು ‘ಇದು ನಮ್ಮ ವಿರುದ್ಧ’ ಎಂದರು, ಅರಬರ ಪರ ಇದ್ದವರೂ ಹಾಗೆಯೇ ಎಂದರು. ವಿಷಯ ಹೆಚ್ಚು ತಿಳಿದವರಿಗೇ ಪಕ್ಷಪಾತ ಹೆಚ್ಚು ಕಂಡಿತ್ತು! 2004ರಲ್ಲಿ ಗುಂಥರ್ ಮತ್ತು ಶ್ಮಿಟ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು: ವಿದ್ಯಾರ್ಥಿ ಬರೆದ ಪ್ರಬಂಧವೆಂದರೆ ತಕರಾರಿಲ್ಲದ ಬರಹವೇ, ಪತ್ರಿಕೆಯಲ್ಲಿ ಬಂದದ್ದೆಂದರೆ ಓದುಗರಿಗೆ ಪ್ರತಿಕೂಲವಾಗಿ ಕಂಡಿತು. ಇದನ್ನು ಇತರ ಸಾವಿರಾರು ಜನ ಓದಿ ನಂಬಿಬಿಡುತ್ತಾರೆಂಬ ಆತಂಕವೇ ಅನುಮಾನದ ಬೇರು ಎಂಬುದು ಅವರ ವಿವರಣೆ. ಇನ್ನು ಸುದ್ದಿಯನ್ನೇ ಅಳೆದವರೂ ಇದ್ದಾರೆ: 2000ದಲ್ಲಿ ಡಿ’ಅಲೆಸಿಯೊ ಮತ್ತು ಅಲೆನ್ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ 59 ಅಧ್ಯಯನಗಳನ್ನು ಒಟ್ಟುಹಾಕಿದಾಗ, ಒಟ್ಟಾರೆ ಪತ್ರಿಕೆಗಳಲ್ಲಿ ಗಣನೀಯ ಪಕ್ಷಪಾತ ಸಿಗಲಿಲ್ಲ.

ಹಾಗೆಂದು ಮಂಡ್ಯದ ದೂರನ್ನು ಬರೀ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಆ ಲೆಕ್ಕವನ್ನು ನಮ್ಮಲ್ಲಿಗೆ ಎತ್ತಿ ತಂದರೆ ಹೊಂದುವುದೂ ಇಲ್ಲ. ನಮ್ಮಲ್ಲಿ ವಾಹಿನಿಗಳ ಒಡೆತನವೇ ರಾಜಕೀಯದೊಳಗಿದೆ. ‘ಕಸ್ತೂರಿ’ಯನ್ನು ಶುರುಮಾಡಿದ್ದು ಕುಮಾರಸ್ವಾಮಿ ಕುಟುಂಬ, ‘ಜನಶ್ರೀ’ಯ ಹಿಂದೆ ಇದ್ದದ್ದು ಬಳ್ಳಾರಿಯ ರೆಡ್ಡಿ ಬಳಗ, ‘ಸುವರ್ಣ ನ್ಯೂಸ್’ ರಾಜೀವ್ ಚಂದ್ರಶೇಖರ್ ಅವರ ಬಳಗದ್ದು. 2009ರ ಚುನಾವಣೆಯ ಕಾಸಿಗಾಗಿ ಸುದ್ದಿಯ ಪ್ರಕರಣಗಳನ್ನು ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ದಾಖಲಿಸಿದೆ. ನಮ್ಮ ವೀಕ್ಷಕರ ಅನುಮಾನಕ್ಕೆ ಇಷ್ಟಾದರೂ ಆಧಾರವಿದೆ.

ಆದರೆ ಅಧಿಕಾರಸ್ಥರ ದೂರು ಬಹುಬೇಗ ಶಿಕ್ಷೆಯಾಗುತ್ತದೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳಿಗೆ ನಿಯಂತ್ರಣ ಕಾಯ್ದೆ ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 2017ರಲ್ಲಿ ವಿಧಾನಸಭೆ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿಗಾಗಿ ಒಂದು ವರ್ಷ ಜೈಲು ವಿಧಿಸಿತು. 2019ರ ಅಕ್ಟೋಬರಿನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಡಲಾಯಿತು. ಮೂರೂ ತಪ್ಪು. ಪಕ್ಷಪಾತವನ್ನು ತೋರಿಸಿಕೊಡಬೇಕಾದ್ದು ಲೆಕ್ಕದಿಂದ.

ಆ ಲೆಕ್ಕ ಹಾಕುವ ಕೆಲಸವನ್ನು ಮೈಸೂರು, ಮಂಡ್ಯದ ಪತ್ರಿಕೋದ್ಯಮ ವಿಭಾಗಗಳು ಕೈಗೆತ್ತಿಕೊಳ್ಳಲಿ. 2019ರ ಆ ಚುನಾವಣಾ ವಾರಗಳ ಸುದ್ದಿಯನ್ನು ಕಲೆಹಾಕಿ, ಯಾವ ಅಭ್ಯರ್ಥಿಗೆ ಮೈಷುಗರ್ ಸಕ್ಕರೆ ಕಾರ್ಖಾನೆಯ ಬಗ್ಗೆ, ವಿ.ಸಿ. ನಾಲೆಯ ನೀರಿನ ಬಗ್ಗೆ, ನಾಗಮಂಗಲದ ಮಳೆಯಾಶ್ರಿತ ಹೊಲಗಳ ಬಗ್ಗೆ ಎಷ್ಟು ಪ್ರಶ್ನೆ ಕೇಳಲಾಯಿತು ಎಂದು ಎಣಿಸಲಿ. ತುಣುಕುಗಳು ಅಳಿಸಿಹೋಗುವ ಮೊದಲೇ ಶುರುವಾಗಬೇಕು.