ಮೈಲೋಮಾ ಚಿಕಿತ್ಸೆ: ಔಷಧಿಗಿಂತ ಮೊದಲು ಆರಂಭ

ಮೂಳೆಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾ ಹೊಸದಾಗಿ ಪತ್ತೆಯಾದಾಗ ಮೂರು ಔಷಧಿ ಕೊಡಬೇಕೇ, ನಾಲ್ಕು ಕೊಡಬೇಕೇ? ಕೆಲವು ವರ್ಷಗಳಿಂದ ನಮ್ಮ ವೈದ್ಯ ಸಮ್ಮೇಳನಗಳ ಚರ್ಚೆಯೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತಿದೆ. ತೆಲಂಗಾಣದ ಗಡಿಭಾಗದ ಶಾಂತಿನಗರ, ಐಜ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯಿಂದ ಬರುವ ರೋಗಿಯ ಪಾಲಿಗೆ ಅದು ಕೊನೆಯ ಪ್ರಶ್ನೆ. ಅಷ್ಟರೊಳಗೆ ಅವರು ತಿಂಗಳುಗಟ್ಟಲೆ ಟೊಂಕನೋವು ಸಹಿಸಿ, ನೋವಿನ ಸೂಜಿ ಹಾಕಿಸಿಕೊಂಡು, ಗುಳಿಗೆ ನುಂಗಿ, ಕಿಡ್ನಿಯನ್ನು ಅರ್ಧ ಕಳೆದುಕೊಂಡಿರುತ್ತಾರೆ. ಮೈಲೋಮಾದ ಚರಿತ್ರೆಯನ್ನು ಬರೀ ಔಷಧಿಗಳ ಮೆರವಣಿಗೆಯಂತೆ ಹೇಳುವ ರೂಢಿಗೆ ನನ್ನ ತಕರಾರು ಇಲ್ಲಿಂದಲೇ ಶುರು. ಚಿಕಿತ್ಸೆ ಎಷ್ಟು ಬೇಗ, ಎಷ್ಟು ಎಚ್ಚರದಿಂದ ಆರಂಭವಾಯಿತು ಎಂಬುದೂ ಆ ಚರಿತ್ರೆಯ ಭಾಗವೇ.

ಮೊದಲ ನೂರು ವರ್ಷಗಳನ್ನು ಬೇಗ ದಾಟಬಹುದು. 1845ರಲ್ಲಿ ಲಂಡನ್ನಿನ ಕಿರಾಣಿ ವ್ಯಾಪಾರಿಯೊಬ್ಬರ ಮೂತ್ರದಲ್ಲಿ ಹೆನ್ರಿ ಬೆನ್ಸ್ ಜೋನ್ಸ್ ವಿಚಿತ್ರವಾದ ಪ್ರೋಟೀನ್ ಕಂಡರು. ಕಾಯಿಸಿದರೆ ಅದು ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿಯಾಗುತ್ತಿತ್ತು. 1873ರಲ್ಲಿ ರುಸ್ಟಿಟ್ಸ್ಕಿ ರೋಗಕ್ಕೆ ಇಂದಿನ ಹೆಸರಿಟ್ಟರು. 1940ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ವೈದ್ಯರು ನಂಬಿಕೊಂಡಿದ್ದ ಯುರೆಥೇನ್ ನಿಷ್ಪ್ರಯೋಜಕವೆಂದು 1966ರ ಪ್ರಯೋಗ ತೋರಿಸಿಕೊಟ್ಟಿತು. ನಿಜವಾದ ಚಿಕಿತ್ಸೆ ಮೆಲ್ಫಲಾನ್‌ನಿಂದ ಶುರುವಾಯಿತು. 1969ರಲ್ಲಿ ಅಲೆಕ್ಸಾನಿಯನ್ ಅದಕ್ಕೆ ಪ್ರೆಡ್ನಿಸೋನ್ ಜೋಡಿಸಿದರು. ಮುಂದಿನ ಮೂರು ದಶಕ ಹತ್ತಾರು ಮಿಶ್ರಣಗಳು ಬಂದವು. 27 ಪ್ರಯೋಗಗಳ 6,633 ರೋಗಿಗಳ ಮಾಹಿತಿಯನ್ನು 1998ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಆ ಮಿಶ್ರಣಗಳಿಂದ ಯಾರ ಆಯುಷ್ಯವೂ ಈ ಎರಡು ಗುಳಿಗೆಗಳಿಗಿಂತ ಹೆಚ್ಚು ಬೆಳೆದಿರಲಿಲ್ಲ. ಹೆಚ್ಚು ಔಷಧಿ ಎಂದರೆ ಹೆಚ್ಚು ಚಿಕಿತ್ಸೆ ಎಂದುಕೊಳ್ಳುವವರು ಈ ಅಧ್ಯಾಯವನ್ನು ಮರೆಯಬಾರದು.

ದಾರಿ ತೆರೆದದ್ದು ಕಸಿ. ಲಂಡನ್ನಿನಲ್ಲಿ ಮೆಕ್‌ಎಲ್ವೇನ್ ಮತ್ತು ಪೌಲ್ಸ್ 1983ರಲ್ಲಿ ಮೆಲ್ಫಲಾನ್ ಅನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಅಂಥ ಪ್ರಮಾಣದ ಬಳಿಕ ರೋಗಿಯದೇ ಮಜ್ಜೆಯ ಜೀವಕೋಶಗಳನ್ನು ಮರಳಿಸುವ ಕಸಿಯಿಂದ ಐದು ವರ್ಷ ಬದುಕುವವರ ಪ್ರಮಾಣ ಶೇ 12ರಿಂದ ಶೇ 52ಕ್ಕೆ ಏರಿದ್ದನ್ನು 1996ರಲ್ಲಿ ಫ್ರಾನ್ಸಿನ ಅಟಾಲ್ ತಂಡ ತೋರಿಸಿತು.

ನನ್ನ ತಲೆಮಾರು ಕಣ್ಣು ಬಿಟ್ಟದ್ದು 1999ರಲ್ಲಿ. ಹುಟ್ಟುವ ಮಕ್ಕಳ ಅಂಗವೈಕಲ್ಯಕ್ಕೆ ಕಾರಣವಾಗಿ ಮಾರುಕಟ್ಟೆಯಿಂದ ಹೊರಬಿದ್ದಿದ್ದ, ಆಮೇಲೆ ಕುಷ್ಠರೋಗದ ಪ್ರತಿಕ್ರಿಯೆಗೆ ಉಪಯೋಗವಾಗುತ್ತಿದ್ದ ಥ್ಯಾಲಿಡೊಮೈಡ್ ಅನ್ನು, ರೋಗಿಯೊಬ್ಬರ ಹೆಂಡತಿ ಪಟ್ಟು ಹಿಡಿದದ್ದರಿಂದ ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಬಾರ್ಟ್ ಬಾರ್ಲೋಗಿ ಅವರ ತಂಡ ಮೈಲೋಮಾಗೆ ಪ್ರಯೋಗಿಸಿತ್ತು. ಭಾರತ ಮೂಲದ ಸೀಮಾ ಸಿಂಘಾಲ್ ಮೊದಲ ಲೇಖಕಿಯಾಗಿದ್ದ ಆ ವರದಿಯಲ್ಲಿದ್ದವರು 84 ರೋಗಿಗಳು. ಬೇರೆ ದಾರಿ ಮುಗಿದಿದ್ದ ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಗುಣ ಕಂಡಿತು. ಭಾರತದ ಕಂಪನಿಗಳು ಇದನ್ನು ಅಗ್ಗವಾಗಿ ತಯಾರಿಸಿದವು. ಮನೆಯಲ್ಲೇ ಕೂತು ಕ್ಯಾಪ್ಸೂಲ್ ನುಂಗಿ ಈ ರೋಗವನ್ನು ಹಿಡಿದಿಡಬಹುದು ಎಂಬುದು ನಮ್ಮ ಕಡೆಯ ರೈತ ಕುಟುಂಬಗಳಿಗೆ ದೊಡ್ಡ ಆಸರೆಯಾಯಿತು. ಕಾಲು ಜೋಮು ಹಿಡಿಯುವುದು, ಮಲಬದ್ಧತೆ ಅದರ ಜೊತೆಗೇ ಬಂದ ಕಷ್ಟಗಳು.

2003ರಲ್ಲಿ ಬೊರ್ಟೆಜೊಮಿಬ್, 2006ರಲ್ಲಿ ಲೆನಾಲಿಡೊಮೈಡ್ ಮೈಲೋಮಾಗೆ ಅಮೆರಿಕದಲ್ಲಿ ಮಂಜೂರಾದವು. ಮುಂದಿನ ಕೆಲವೇ ವರ್ಷಗಳ ಇನ್ನೆರಡು ಬದಲಾವಣೆಗಳಿಗೆ ಚರಿತ್ರೆ ಬರೆಯುವವರು ಸಾಲದಷ್ಟು ಜಾಗ ಕೊಟ್ಟಿದ್ದಾರೆ. ಒಂದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಮೇಯೋ ಕ್ಲಿನಿಕ್ ಸೇರಿದ ವಿನ್ಸೆಂಟ್ ರಾಜ್‌ಕುಮಾರ್ 2010ರಲ್ಲಿ ಪ್ರಕಟಿಸಿದ ಪ್ರಯೋಗ. ಲೆನಾಲಿಡೊಮೈಡ್ ಜೊತೆ ಡೆಕ್ಸಾಮೆಥಾಸೋನ್ ಅನ್ನು ತಿಂಗಳಲ್ಲಿ ಹನ್ನೆರಡು ದಿನ ಸುರಿಯುವ ಬದಲು ವಾರಕ್ಕೊಮ್ಮೆ ಕೊಟ್ಟಾಗ, ಒಂದು ವರ್ಷದ ಕೊನೆಗೆ ಬದುಕಿದ್ದವರು ಶೇ 87ರ ಬದಲು ಶೇ 96. ಇನ್ನೊಂದು, ಬೊರ್ಟೆಜೊಮಿಬ್ ಅನ್ನು ರಕ್ತನಾಳಕ್ಕೆ ಕೊಡುವ ಬದಲು ಚರ್ಮದಡಿ ಚುಚ್ಚಿದರೂ ಅಷ್ಟೇ ಕೆಲಸ ಮಾಡುತ್ತದೆ, ನರಗಳಿಗೆ ಆಗುವ ಹಾನಿ ಕಡಿಮೆ ಎಂಬ 2011ರ ಮೊರೋ ಅವರ ವರದಿ. ವಾರಕ್ಕೊಂದು ಚುಚ್ಚುಮದ್ದು, ವಾರಕ್ಕೊಮ್ಮೆ ಡೆಕ್ಸಾಮೆಥಾಸೋನ್, ಜೊತೆಗೆ ಅಗ್ಗದ ಸೈಕ್ಲೋಫಾಸ್ಫಮೈಡ್: ಇಷ್ಟಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲೂ ಚಿಕಿತ್ಸೆ ಆರಂಭಿಸಬಹುದು, ಕಿಡ್ನಿ ಕೆಟ್ಟವರಿಗೂ ಕೊಡಬಹುದು. ಅರ್ಕಾನ್ಸಾಸ್‌ನ ‘ಟೋಟಲ್ ಥೆರಪಿ’ ಎಲ್ಲವನ್ನೂ ಒಟ್ಟಿಗೆ ಸುರಿದು ಕೆಲವರಿಗೆ ದೀರ್ಘಾಯುಷ್ಯ ಕೊಟ್ಟಿತು, ನಿಜ. ಆದರೆ ಸಕ್ಕರೆ ಕಾಯಿಲೆ, ರಕ್ತಹೀನತೆ ಎರಡೂ ಇರುವ ನಮ್ಮ ರೋಗಿಯನ್ನು ಉಳಿಸಿದ್ದು ಈ ಹದವಾದ ಕೈ.

2017ರಲ್ಲಿ, 1975ರ ಹಂತ ವಿಂಗಡಣೆಯಿಂದ ಹೆಸರಾದ ಅದೇ ಡ್ಯೂರಿ, ಬೊರ್ಟೆಜೊಮಿಬ್, ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ಈ ಮೂರನ್ನೂ ಕೂಡಿಸಿದರೆ ಆಯುಷ್ಯ ಹೆಚ್ಚುತ್ತದೆಂದು ತೋರಿಸಿದರು. ಕಸಿಯನ್ನು ಮೊದಲೇ ಮಾಡಬೇಕೇ ಎಂಬ ವಾದ ಇನ್ನೂ ಮುಗಿದಿಲ್ಲ. 2017ರ ಫ್ರೆಂಚ್ ಪ್ರಯೋಗದಲ್ಲಿ ರೋಗ ಮರಳುವ ಮುನ್ನಿನ ಅವಧಿ 36ರಿಂದ 50 ತಿಂಗಳಿಗೆ ಬೆಳೆಯಿತು, ಆದರೆ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಈ ರೋಗ ಕಾಣುವ ನಮ್ಮಲ್ಲಿ, ದುಬಾರಿ ಔಷಧಿಯನ್ನು ವರ್ಷಗಟ್ಟಲೆ ಕೊಳ್ಳಲಾಗದ ಮನೆಗೆ, ಒಮ್ಮೆ ಮಾಡಿ ಮುಗಿಸುವ ಕಸಿ ಈಗಲೂ ಒಳ್ಳೆಯ ವ್ಯವಹಾರ. ಜೀವಕೋಶಗಳನ್ನು ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲಿ ಕೆಲವು ದಿನ ಕಾದಿಟ್ಟು ಮರಳಿಸುವ ವಿಧಾನದಿಂದ ಭಾರತದ ಹಲವು ಕೇಂದ್ರಗಳು ಖರ್ಚನ್ನೂ ಇಳಿಸಿವೆ.

ಈಗ ನಾಲ್ಕನೆಯ ಔಷಧಿ ಡಾರಾಟುಮುಮ್ಯಾಬ್. 2024ರ ಪರ್ಸಿಯಸ್ ಪ್ರಯೋಗದಲ್ಲಿ ಅದನ್ನು ಸೇರಿಸಿದಾಗ ನಾಲ್ಕು ವರ್ಷ ರೋಗ ಬೆಳೆಯದೆ ಉಳಿದವರು ಶೇ 68ರಿಂದ ಶೇ 84ಕ್ಕೆ ಏರಿದರು. ಈ ಲಾಭ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ದೊಡ್ಡ ಪ್ರಯೋಗಗಳು ಕಿಡ್ನಿ ತೀವ್ರವಾಗಿ ಕೆಟ್ಟವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ಬಾಗಿಲಿಗೆ ಬರುವವರಲ್ಲಿ ಬಹಳ ಮಂದಿ ಅಂಥವರೇ.

ಕಿಡ್ನಿ ಕೆಡುವವರೆಗೆ ಯಾಕೆ ಕಾಯುತ್ತಾರೆ? ಬೋರ್‌ವೆಲ್ ನೀರಿನ ಫ್ಲೋರೈಡ್ ಬಾಧಿಸುವ ಈ ಸೀಮೆಯಲ್ಲಿ ಟೊಂಕನೋವು ಎಂದರೆ ಫ್ಲೋರೋಸಿಸ್, ಇಲ್ಲವೇ ವಯಸ್ಸು, ಇಲ್ಲವೇ ಹೊಲದ ದುಡಿಮೆ. ಬೆನ್ನುಮೂಳೆ ಕುಸಿದು ಇಎಸ್ಆರ್ ನೂರು ದಾಟಿದರೆ ಟಿಬಿ ಎಂದು ಔಷಧಿ ಶುರುವಾಗುತ್ತದೆ. ಟಿಬಿ ಸಾಮಾನ್ಯವಾಗಿ ಎರಡು ಮಣಿಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ, ಮೈಲೋಮಾ ಡಿಸ್ಕನ್ನು ಬಿಟ್ಟು ಮೂಳೆಯನ್ನು ತಿನ್ನುತ್ತದೆ. ಇನ್ನೂ ಸುಲಭದ ಸುಳಿವು ಮಾಮೂಲಿ ರಕ್ತಪರೀಕ್ಷೆಯ ಚೀಟಿಯಲ್ಲೇ ಇರುತ್ತದೆ: ಒಟ್ಟು ಪ್ರೋಟೀನ್ ಏರಿದೆ, ಆಲ್ಬುಮಿನ್ ಇಳಿದಿದೆ, ಹಿಮೋಗ್ಲೋಬಿನ್ 7 ಅಥವಾ 8. ಆ ಚೀಟಿ ನೋಡಿದವರು ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಬರೆದರೆ ಆರು ತಿಂಗಳು ಉಳಿಯುತ್ತದೆ. ಮೂಳೆ, ಕಿಡ್ನಿ ಕೆಡುವ ಮುನ್ನವೇ ಕೆಲವರಿಗೆ ಚಿಕಿತ್ಸೆ ಆರಂಭಿಸಬೇಕೆಂದು ಅಂತರರಾಷ್ಟ್ರೀಯ ಮೈಲೋಮಾ ಗುಂಪು 2014ರಲ್ಲೇ ಹೇಳಿತು. ಕೆಟ್ಟ ಮೇಲಾದರೂ ಹುಡುಕುವುದು ನಮ್ಮಲ್ಲಿ ಇನ್ನೂ ರೂಢಿಯಾಗಬೇಕು.

ಮೊದಲ ವಾರಗಳೇ ಅತಿ ಅಪಾಯದವು. 2005ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗಗಳ ಲೆಕ್ಕದಲ್ಲಿ ಹತ್ತರಲ್ಲೊಬ್ಬರು 60 ದಿನಗಳೊಳಗೆ ತೀರಿಕೊಂಡಿದ್ದರು. ಸೋಂಕು, ಕಿಡ್ನಿ ವೈಫಲ್ಯ ಮುಖ್ಯ ಕಾರಣಗಳು. ಆದ್ದರಿಂದ ಮೊದಲ ದಿನದ ಚಿಕಿತ್ಸೆ ಎಂದರೆ ನೋವಿನ ಗುಳಿಗೆ ನಿಲ್ಲಿಸುವುದು, ಹೃದಯ ತಡೆದುಕೊಳ್ಳುವುದಾದರೆ ದಿನಕ್ಕೆ ಮೂರು ಲೀಟರ್ ನೀರು, ಕ್ಯಾಲ್ಸಿಯಂ ಇಳಿಸುವುದು, ಸರ್ಪಸುತ್ತು ಬಾರದಂತೆ ಎಸೈಕ್ಲೋವಿರ್. ಮೂಳೆಗೆ ಜೊಲೆಡ್ರೊನಿಕ್ ಆಮ್ಲ ಕೊಟ್ಟರೆ ಆಯುಷ್ಯವೂ ಬೆಳೆಯುತ್ತದೆಂದು 2010ರಲ್ಲಿ ಗೊತ್ತಾಯಿತು. ಅದಕ್ಕೆ ಮುಂಚೆ ಹಲ್ಲು ತೋರಿಸಿಕೊಳ್ಳಬೇಕು, ಕಿಡ್ನಿ ನೋಡಿ ಪ್ರಮಾಣ ನಿಗದಿಯಾಗಬೇಕು. ಮೂರು ತಿಂಗಳು ಲಿವೊಫ್ಲಾಕ್ಸಸಿನ್ ಕೊಟ್ಟರೆ ಜ್ವರ, ಸಾವು ಕಡಿಮೆಯಾಗುತ್ತವೆ ಎಂದು 2019ರ ಬ್ರಿಟಿಷ್ ಪ್ರಯೋಗ ಹೇಳಿತು. ಟಿಬಿಯನ್ನು ಮರೆಮಾಚಬಲ್ಲ ಆ ಔಷಧಿ ನಮ್ಮ ಊರುಗಳಿಗೆ ಹೊಂದುತ್ತದೆಯೇ ಎಂಬುದನ್ನು ನಾವೇ ಪರೀಕ್ಷಿಸಿ ನೋಡಬೇಕು.

ಈ ಗಡಿಯ ಕನ್ನಡಿಗರಿಗೆ ಎರಡು ದಾರಿ. ಆರೋಗ್ಯಶ್ರೀ ಕಾರ್ಡು ಹೈದರಾಬಾದಿನ ನಿಮ್ಸ್, ಎಂಎನ್‌ಜೆ ಆಸ್ಪತ್ರೆಗಳ ಕಡೆ ಕರೆಯುತ್ತದೆ. ಮಾತು, ನೆಂಟಸ್ತಿಕೆ ರಾಯಚೂರಿಗೆ, ಅಲ್ಲಿಂದ ಕಲಬುರಗಿ ಅಥವಾ ಬೆಂಗಳೂರಿನ ಕಿದ್ವಾಯಿಗೆ ಕರೆಯುತ್ತವೆ. ಎರಡೂ ಕಡೆ ಅಲೆದು ವರದಿಗಳು ಚದುರುತ್ತವೆ, ಚಿಕಿತ್ಸೆಯ ಸುತ್ತುಗಳು ತಪ್ಪುತ್ತವೆ. ಕನ್ನಡ ಶಾಲೆಯಲ್ಲಿ ಓದಿದ ಕೃಷ್ಣಾ ಮಂಡಲದ ರೋಗಿಗೆ ಔಷಧಿಯ ವೇಳಾಪಟ್ಟಿ ಕನ್ನಡದಲ್ಲಿ ಸಿಗಬೇಕು. ರೋಗ ವಿಂಗಡಣೆ, ಕಸಿ ದೊಡ್ಡ ಊರಿನಲ್ಲಿ ಆಗಲಿ. ವಾರದ ಚುಚ್ಚುಮದ್ದು ರಾಯಚೂರು, ಮಹಬೂಬ್‌ನಗರದಲ್ಲೇ ಸಿಗಲಿ. ಎರಡೂ ರಾಜ್ಯಗಳ ಆಸ್ಪತ್ರೆಗಳು ಒಂದೇ ದಾಖಲೆ ಪುಸ್ತಕವನ್ನು ಒಪ್ಪಿಕೊಳ್ಳಲಿ. ನಾಲ್ಕನೆಯ ಔಷಧಿ ಬರುವವರೆಗೆ ಕಾಯದೆ ಇಷ್ಟನ್ನು ಈಗಲೇ ಮಾಡಬಹುದು. ಹಾಗೆ ಮಾಡಿದರೆ ಆ ಔಷಧಿ ಬಂದಾಗ ಅದನ್ನು ಪಡೆಯಲು ರೋಗಿ ಉಳಿದಿರುತ್ತಾರೆ.